ಬಹುಪಾಲು ಖಾಲಿಯೇ ಇರುವ ಫೋಮ್‌ನಲ್ಲಿ ಲೇಸರ್ ನಿಧಾನವಾಗುವುದೇಕೆ?

ಓದುಗರ ಪ್ರಶ್ನೆ: ಲೇಸರ್ ಫ್ಯೂಷನ್ ಪ್ರಯೋಗಗಳಲ್ಲಿ ಗಾಳಿಗಿಂತ ನಾಲ್ಕೈದು ಪಟ್ಟು ಮಾತ್ರ ಸಾಂದ್ರವಾದ ಫೋಮ್‌ಗಳನ್ನು ಬಳಸುತ್ತಾರೆಂದು ಓದಿದ್ದೇನೆ. ಅಷ್ಟು ಹಗುರಾದ ವಸ್ತುವನ್ನು ಅಷ್ಟು ಪ್ರಬಲವಾದ ಬೆಳಕು ಸಲೀಸಾಗಿ ದಾಟಬೇಕಲ್ಲವೇ? ಅಷ್ಟೇ ಸಾಂದ್ರತೆಯ ಅನಿಲಕ್ಕಿಂತ ಫೋಮ್‌ನಲ್ಲಿ ಅದು ತಡವಾಗಿ ಸಾಗುವುದೇಕೆ?

ಉತ್ತರ: ಘನ ಸೆಂಟಿಮೀಟರಿಗೆ 5 ಮಿಲಿಗ್ರಾಂ ತೂಗುವ ಪ್ಲಾಸ್ಟಿಕ್ ಫೋಮ್ ಒಂದನ್ನು ತೆಗೆದುಕೊಳ್ಳೋಣ. ಈ 5 ಮಿಲಿಗ್ರಾಂ ಎಂಬುದು ಸರಾಸರಿ ಲೆಕ್ಕ. ತೊಡಕೆಲ್ಲ ಶುರುವಾಗುವುದು ಈ ಸರಾಸರಿಯಿಂದಲೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇಡರ ಬಲೆಗಳನ್ನು ಒಂದರೊಳಗೊಂದು ತುರುಕಿಟ್ಟ ಹಾಗೆ ಕಾಣುತ್ತದೆ: ಮೈಕ್ರಾನಿನ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿ ದಪ್ಪವಿರುವ ಎಳೆಗಳು ಮತ್ತು ಪೊರೆಗಳು, ಅವುಗಳ ನಡುವೆ ಒಂದು ಮೈಕ್ರಾನಿನಿಂದ ಹಿಡಿದು ಹತ್ತಾರು ಮೈಕ್ರಾನುಗಳವರೆಗೆ ಅಗಲವಾದ ರಂಧ್ರಗಳು. ಎಳೆಯಾದರೋ ಗಟ್ಟಿ ಪ್ಲಾಸ್ಟಿಕ್. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1 ಗ್ರಾಂ. ಅಂದರೆ ಫೋಮ್‌ನ ಗಾತ್ರದಲ್ಲಿ ಇನ್ನೂರರಲ್ಲಿ ಒಂದು ಪಾಲು ಮಾತ್ರ ವಸ್ತು, ಉಳಿದದ್ದೆಲ್ಲ ಬಯಲು.

ಪ್ರಬಲ ಲೇಸರ್ ತಾಗಿದಾಗ ಫೋಮ್‌ನ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿ (ಇದೇ ಅಯಾನೀಕರಣ), ಅವೂ ಉಳಿದ ಅಯಾನುಗಳೂ ಬೆರೆತ ಪ್ಲಾಸ್ಮಾ ಉಂಟಾಗುತ್ತದೆ. ಎಲೆಕ್ಟ್ರಾನುಗಳು ಒಂದು ಮಿತಿಗಿಂತ ಹೆಚ್ಚು ಒತ್ತೊತ್ತಾಗಿರುವ ಪ್ಲಾಸ್ಮಾದೊಳಕ್ಕೆ ಬೆಳಕು ಹೋಗಲಾರದು. ನಿರ್ಣಾಯಕ ಸಾಂದ್ರತೆ ಎನ್ನುವ ಈ ಮಿತಿ ತರಂಗಾಂತರವನ್ನು ಅವಲಂಬಿಸಿದ್ದು, ದೊಡ್ಡ ಲೇಸರುಗಳಲ್ಲಿ ಬಳಕೆಯಲ್ಲಿರುವ 351 ನ್ಯಾನೊಮೀಟರಿನ ನೇರಳಾತೀತ ಬೆಳಕಿಗೆ ಅದು ಘನ ಸೆಂಟಿಮೀಟರಿಗೆ ಸುಮಾರು 9×10²¹ ಎಲೆಕ್ಟ್ರಾನುಗಳಷ್ಟು. ನಮ್ಮ ಫೋಮ್ ಪೂರ್ತಿ ಅಯಾನೀಕರಣಗೊಂಡು ಎಲ್ಲೆಡೆ ಸಮನಾಗಿ ಹರಡಿಕೊಂಡರೆ ಎಲೆಕ್ಟ್ರಾನ್ ಸಾಂದ್ರತೆ 1.6×10²¹ ಆಗುತ್ತದೆ, ಬೆಳಕಿಗೆ ದಾರಿ ತೆರೆದಿರುತ್ತದೆ. ಆದರೆ ಎಳೆಯೊಂದು ತಾನಿದ್ದಲ್ಲೇ ಅಯಾನೀಕರಣಗೊಂಡರೆ ಅದರ ಸಾಂದ್ರತೆ 3×10²³ನ್ನು ಮೀರಿ, ಮಿತಿಯ ಮೂವತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಹಾಗಾಗಿ ಆರಂಭದಲ್ಲಿ ಲೇಸರಿಗೆ ಎದುರಾಗುವುದು ಪೂರ್ತಿ ತೆರೆದ ರಂಧ್ರ ಅಥವಾ ಪೂರ್ತಿ ಮುಚ್ಚಿದ ಗೋಡೆ, ಎರಡೇ. ನಾವು ಲೆಕ್ಕ ಹಾಕಿದ ಸರಾಸರಿ ಸಾಂದ್ರತೆ ಆ ಹೊತ್ತಿಗೆ ಫೋಮ್‌ನ ಯಾವ ಬಿಂದುವಿನಲ್ಲೂ ಇರುವುದಿಲ್ಲ.

ಎಳೆ ಅಯಾನೀಕರಣಗೊಳ್ಳುವ ಬಗೆಯೂ ನೇರವಾದುದಲ್ಲ. ಈ ಬೆಳಕಿನ ಒಂದು ಫೋಟಾನಿನ (ಬೆಳಕಿನ ಕಣದ) ಶಕ್ತಿ 3.5 ಎಲೆಕ್ಟ್ರಾನ್‌ವೋಲ್ಟ್, ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು 13.6, ಇಂಗಾಲದಿಂದ ಮೊದಲನೆಯದನ್ನು ಕೀಳಲು 11.3 ಬೇಕು. ಒಂದೇ ಪರಮಾಣುವಿನ ಮೇಲೆ ನಾಲ್ಕು ಫೋಟಾನುಗಳ ಕೆಲಸ ಒಟ್ಟಿಗೇ ನಡೆಯಬೇಕು. ಸಾಧಾರಣ ಬೆಳಕಿನಲ್ಲಿ ಇದು ನಡೆಯುವುದೇ ಇಲ್ಲ ಎನ್ನಬಹುದು. ಚದರ ಸೆಂಟಿಮೀಟರಿಗೆ 10¹⁴ ವ್ಯಾಟ್‌ನಂಥ ತೀವ್ರತೆಯಲ್ಲಾದರೆ ಆರಂಭದ ಬೀಜವಾಗಲು ಬೇಕಾದಷ್ಟು ಎಲೆಕ್ಟ್ರಾನುಗಳು ಹೀಗೆ ಹುಟ್ಟಿಕೊಳ್ಳುತ್ತವೆ. ಮುಂದಿನದು ಘರ್ಷಣೆಗಳ ಕೆಲಸ: ಬಿಡುಗಡೆಯಾದ ಎಲೆಕ್ಟ್ರಾನು ಲೇಸರಿನಿಂದ ಶಕ್ತಿ ಹೀರಿ ಪಕ್ಕದ ಪರಮಾಣುವಿಗೆ ಡಿಕ್ಕಿ ಹೊಡೆದು ಇನ್ನೊಂದನ್ನು ಬಿಡಿಸುತ್ತದೆ, ಅವೆರಡು ನಾಲ್ಕಾಗುತ್ತವೆ. ಇಂಗಾಲದ ಕೊನೆಯ ಎರಡು ಎಲೆಕ್ಟ್ರಾನುಗಳಿಗೆ 392 ಮತ್ತು 490 ಎಲೆಕ್ಟ್ರಾನ್‌ವೋಲ್ಟ್ ಬೇಕಾದರೂ, ಪ್ಲಾಸ್ಮಾದ ತಾಪ ಒಂದು ಕೋಟಿ ಕೆಲ್ವಿನ್ ಮುಟ್ಟುವ ಹೊತ್ತಿಗೆ ಅವೂ ಕಳಚಿಬಿದ್ದಿರುತ್ತವೆ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಇದರ ನಂತರದ ಹಂತದಲ್ಲಿ. ಎಳೆಯ ಹೊರಮೈ ಪ್ಲಾಸ್ಮಾ ಆದೊಡನೆ ಬೆಳಕು ಅಲ್ಲೇ ತಡೆಯಲ್ಪಡುತ್ತದೆ. ಒಳಭಾಗ ಇನ್ನೂ ತಣ್ಣಗೆ, ಗಟ್ಟಿಯಾಗಿ ಉಳಿದಿರುತ್ತದೆ. ಹೊರಮೈ ಪದರಪದರವಾಗಿ ಕಿತ್ತುಹೋಗುತ್ತ ರಂಧ್ರದೊಳಕ್ಕೆ ಹಿಗ್ಗುತ್ತದೆ. ಈ ಹಿಗ್ಗುವಿಕೆಯ ವೇಗ ಸೆಕೆಂಡಿಗೆ 100 ಕಿಲೋಮೀಟರ್ ಎಂದಿಟ್ಟುಕೊಂಡರೆ, ಒಂದು ಮೈಕ್ರಾನಿನ ರಂಧ್ರ ತುಂಬಲು 10 ಪಿಕೊಸೆಕೆಂಡು (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೊಸೆಕೆಂಡು) ಸಾಕು, 50 ಮೈಕ್ರಾನಿನದಕ್ಕೆ 500 ಪಿಕೊಸೆಕೆಂಡು ಬೇಕು. ಎದುರುಬದುರು ಗೋಡೆಗಳಿಂದ ಹೊರಟ ಪ್ಲಾಸ್ಮಾಗಳು ನಡುವೆ ಡಿಕ್ಕಿಯಾದಾಗ ಅವುಗಳ ಚಲನಶಕ್ತಿ ಅಯಾನುಗಳ ಉಷ್ಣವಾಗಿ ಮಾರ್ಪಡುತ್ತದೆ. ಅನಿಲದಲ್ಲಿ ಲೇಸರ್ ಮೊದಲು ಎಲೆಕ್ಟ್ರಾನುಗಳನ್ನು ಬಿಸಿ ಮಾಡುತ್ತದೆ, ಅಯಾನುಗಳು ಹಿಂದಿನಿಂದ ನಿಧಾನವಾಗಿ ಬಿಸಿಯೇರುತ್ತವೆ. ಫೋಮ್‌ನಲ್ಲಿ ಅಯಾನುಗಳೇ ಎಲೆಕ್ಟ್ರಾನುಗಳಿಗಿಂತ ಹೆಚ್ಚು ಬಿಸಿಯಾಗಿರುವ ಸಾಧ್ಯತೆಯುಂಟು. ಲೇಸರಿನ ಶಕ್ತಿಯ ಒಂದು ಭಾಗ ಹೀಗೆ ಮುಂದಿನ ಪದರವನ್ನು ಬಿಸಿ ಮಾಡುವ ಬದಲು ಹಿಂದಿನ ರಂಧ್ರವನ್ನು ತುಂಬಿ ಸಮಮಾಡುವುದಕ್ಕೆ ಖರ್ಚಾಗುವುದರಿಂದ, ಮತ್ತು ಗೋಡೆಗಳು ಹಿಗ್ಗಿ ಪಾರದರ್ಶಕವಾಗುವವರೆಗೆ ಬೆಳಕು ಕಾಯಲೇಬೇಕಾಗುವುದರಿಂದ, ಅಯಾನೀಕರಣದ ಮುಂಚೂಣಿ, ಅಂದರೆ ಪ್ಲಾಸ್ಮಾ ಆದ ಭಾಗದ ಮುಂದಿನ ಅಂಚು, ಹಿಂದೆ ಬೀಳುತ್ತದೆ.

ವಿಳಂಬವೇ ಇಲ್ಲದಿದ್ದರೆ ಎಷ್ಟು ವೇಗವಿರುತ್ತಿತ್ತು ಎಂಬುದನ್ನು ಅಂದಾಜು ಮಾಡಬಹುದು. ನಮ್ಮ ಫೋಮ್‌ನ ಒಂದು ಘನ ಸೆಂಟಿಮೀಟರನ್ನು ಪೂರ್ತಿ ಅಯಾನೀಕರಿಸಿ ಕೋಟಿ ಕೆಲ್ವಿನ್ ದಾಟಿಸಲು ಸುಮಾರು 5 ಲಕ್ಷ ಜೂಲ್ ಬೇಕು. ಮೇಲೆ ಹೇಳಿದ ತೀವ್ರತೆಯನ್ನು ಇದರಿಂದ ಭಾಗಿಸಿದರೆ ಮುಂಚೂಣಿ ನ್ಯಾನೊಸೆಕೆಂಡಿಗೆ (1000 ಪಿಕೊಸೆಕೆಂಡಿಗೆ) 2 ಮಿಲಿಮೀಟರ್ ಸಾಗಬೇಕು. ಇದು ಗರಿಷ್ಠ ಮಿತಿಯಷ್ಟೇ. ಕಿರಣ ಮುಂಚೂಣಿಯನ್ನು ತಲುಪುವ ಮೊದಲು ಹಿಂದಿನ ಪ್ಲಾಸ್ಮಾವನ್ನು ಹಾಯಬೇಕು, ಅಲ್ಲಿ ಒಂದಿಷ್ಟು ಹೀರಲ್ಪಡುತ್ತದೆ. ಪಕ್ಕಗಳಿಗೂ ಶಾಖ ಸೋರುತ್ತದೆ. ಫೋಮ್‌ನ್ನು ಸಮರೂಪದ ಅನಿಲವೆಂದು ಭಾವಿಸಿದ ಕಂಪ್ಯೂಟರ್ ಲೆಕ್ಕಾಚಾರಗಳು ಈ ನಷ್ಟಗಳನ್ನು ಸೇರಿಸಿಕೊಂಡ ಮೇಲೂ ಪ್ರಯೋಗದಲ್ಲಿ ಕಂಡದ್ದಕ್ಕಿಂತ ಹೆಚ್ಚಿನ ವೇಗ ತೋರಿಸಿವೆ. ವೇಗಕ್ಕೊಂದು ತಿದ್ದುಪಡಿ ಅಂಕಿ ಹಚ್ಚಿ ಇದನ್ನು ಸರಿದೂಗಿಸಬಹುದು ನಿಜ, ಆದರೆ ಅಯಾನುಗಳ ತಾಪವನ್ನು ಅದು ಸರಿಪಡಿಸುವುದಿಲ್ಲ ಎಂಬುದು ನನ್ನ ತಕರಾರು. ಲೇಸರಿನ ಬೆಳಕನ್ನು ಹಿಂದಕ್ಕೆ ಚದುರಿಸುವ ಬ್ರಿಲುವಾ ಚದುರಿಕೆ ಆ ತಾಪವನ್ನೇ ಅವಲಂಬಿಸಿರುತ್ತದೆ. ಬಿಸಿ ಅಯಾನುಗಳು ಅದನ್ನು ತಗ್ಗಿಸುತ್ತವೆ.

ಇಷ್ಟೆಲ್ಲ ತೊಡಕಿದ್ದರೂ ಫೋಮ್‌ನ್ನು ಬಿಡದಿರಲು ಕಾರಣಗಳಿವೆ. ಕಿರಣದಲ್ಲಿರುವ ತೀವ್ರತೆಯ ಏರುಪೇರು ಫ್ಯೂಷನ್ ಇಂಧನ ತುಂಬಿದ ಗುಳಿಗೆಯ ಮೇಲೆ ಅಚ್ಚೊತ್ತದಂತೆ ಅದು ಸಮಮಾಡಬಲ್ಲದು. ಗುಳಿಗೆಯನ್ನು ಸುತ್ತುವರಿದ ಚಿನ್ನದ ಕೋಶದ ಒಳಗೋಡೆಗೆ ಹಚ್ಚಿದರೆ ಚಿನ್ನದ ಪ್ಲಾಸ್ಮಾ ಕಿರಣಗಳ ದಾರಿಗೆ ಉಬ್ಬಿ ಬರುವುದನ್ನು ತಡೆಹಿಡಿಯಬಲ್ಲದು. ಆದರೆ ಒಂದು ನ್ಯಾನೊಸೆಕೆಂಡಿನ ಲೇಸರ್ ಸ್ಪಂದಕ್ಕೆ (ಪಲ್ಸ್‌ಗೆ) 50 ಮೈಕ್ರಾನಿನ ರಂಧ್ರಗಳ ಫೋಮ್ ಆರಿಸಿದರೆ, ಮೊದಲ ಸಾಲಿನ ರಂಧ್ರಗಳು ತುಂಬುವುದರೊಳಗೇ ಅರ್ಧ ಸ್ಪಂದ ಮುಗಿದಿರುತ್ತದೆ. ಎಳೆಗಳ ದಪ್ಪ ಮತ್ತು ಅಂತರವನ್ನು ಮೊದಲೇ ನಿಗದಿಪಡಿಸಿ, ಎರಡು ಫೋಟಾನುಗಳ ಹೀರಿಕೆಯಿಂದ ಗಟ್ಟಿಯಾಗುವ ರಾಳದಲ್ಲಿ ಫೋಮ್‌ನ್ನು ಎಳೆ ಎಳೆಯಾಗಿ ಮುದ್ರಿಸುವ ವಿಧಾನ ಈಗ ಬಳಕೆಗೆ ಬಂದಿರುವುದು ಈ ಕಾರಣಕ್ಕೂ ಹೌದು.