ಟಿಕೆಟ್ ಹಣದಿಂದ ಬಂಡವಾಳ ಹಿಂತಿರುಗದ ಮೆಟ್ರೊಗೆ ಮತ್ತೆ ಮತ್ತೆ ಹಣ ಏಕೆ?

ಪ್ರಶ್ನೆ: ಮೆಟ್ರೊಗೆ ಹಾಕಿದ ಬಂಡವಾಳ ಟಿಕೆಟ್ ಹಣದಿಂದ ಎಂದಿಗೂ ಹಿಂತಿರುಗುವುದಿಲ್ಲ ಎನ್ನುತ್ತಾರೆ. ಹಾಗಿದ್ದರೂ ಸರ್ಕಾರ ಇಂಥ ಯೋಜನೆಗಳಿಗೇ ಹಣ ಸುರಿಯುವುದೇಕೆ?

ಉತ್ತರ: ಪದಗಳನ್ನಷ್ಟೇ ಬದಲಿಸಿಕೊಂಡು ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಒಮ್ಮೆ ಮೆಟ್ರೊ, ಇನ್ನೊಮ್ಮೆ ಉಪನಗರ ರೈಲು, ಮತ್ತೊಮ್ಮೆ ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್. ಚಿಕ್ಕ ಉತ್ತರಗಳನ್ನು ಕೊಟ್ಟು ಸಾಕಾಗಿದೆ. ಈ ಸಲ ಬೇರಿಗೇ ಕೈ ಹಾಕುತ್ತೇನೆ.

ನಿಮ್ಮ ಮನೆಯ ಮುಂದಿನ ಕಾಂಕ್ರೀಟ್ ರಸ್ತೆ ಕಳೆದ ವರ್ಷ ಎಷ್ಟು ಲಾಭ ಮಾಡಿತು? ಊರಾಚೆಯ ಹಳ್ಳಕ್ಕೆ ಕಟ್ಟಿದ ಸೇತುವೆ ತನ್ನ ಅಸಲು ಹುಟ್ಟಿಸಿತೇ? ಯಾರೂ ಕೇಳುವುದಿಲ್ಲ. ಊರ ರಸ್ತೆಗೆ ಟಿಕೆಟ್ ಕೌಂಟರ್ ಇಲ್ಲ, ವರ್ಷದ ಕೊನೆಗೆ ಅಚ್ಚಾಗುವ ಲಾಭ–ನಷ್ಟದ ಪಟ್ಟಿ ಇಲ್ಲ. ರೈಲಿಗೆ ಎರಡೂ ಇವೆ. ನಷ್ಟದ ಹಣೆಪಟ್ಟಿ ರೈಲಿಗೆ ಮಾತ್ರ ಅಂಟಿಕೊಳ್ಳುವುದಕ್ಕೆ ಕಾರಣ ಇಷ್ಟೇ.

ನಿಗಮದ ಗಲ್ಲಾಪೆಟ್ಟಿಗೆಗೆ ಬೀಳುವ ಲಾಭ ಒಂದು, ಊರಿಗೆಲ್ಲ ದಕ್ಕುವ ಲಾಭ ಇನ್ನೊಂದು. ಮೊದಲನೆಯದು ಹಣಕಾಸಿನ ಪ್ರತಿಫಲ, ಎರಡನೆಯದು ಆರ್ಥಿಕ ಪ್ರತಿಫಲ. ಮೊದಲು ಕೇಂದ್ರದ ಒಪ್ಪಿಗೆಗೆ ಹಣಕಾಸಿನ ಪ್ರತಿಫಲ ಶೇ 8 ಇರಬೇಕೆಂಬ ಅಳತೆಗೋಲಿತ್ತು. 2017ರ ಆಗಸ್ಟ್‌ನಲ್ಲಿ ಬಂದ ಮೆಟ್ರೊ ರೈಲು ನೀತಿ ಅದನ್ನು ಬದಲಿಸಿ, ಆರ್ಥಿಕ ಪ್ರತಿಫಲ ಶೇ 14 ಇರಬೇಕೆಂದಿತು.

ಈ ಎರಡನೆಯ ಲೆಕ್ಕದಲ್ಲಿ ಟಿಕೆಟ್ ಹಣಕ್ಕೆ ಬೆಲೆ ಸೊನ್ನೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಇಡೀ ತರಗತಿ ತಲೆಯೆತ್ತಿ ನೋಡುತ್ತಿದ್ದುದು ಈ ಮಾತು ಬಂದಾಗಲೇ. ಪ್ರಯಾಣಿಕನ ಜೇಬಿನಿಂದ 40 ರೂಪಾಯಿ ನಿಗಮದ ಜೇಬಿಗೆ ಹೋದರೆ ನಾಡಿನ ಸಂಪತ್ತು ಒಂದು ಪೈಸೆಯಷ್ಟೂ ಹೆಚ್ಚುವುದಿಲ್ಲ, ಕುಗ್ಗುವುದೂ ಇಲ್ಲ. ಸಿಮೆಂಟಿನ ಮೇಲಿನ ತೆರಿಗೆಯೂ ಹಾಗೆಯೇ. ಅದನ್ನು ವೆಚ್ಚದಿಂದ ಕಳೆದುಬಿಡುತ್ತಾರೆ. ಲೆಕ್ಕಕ್ಕೆ ಬರುವುದು ಉಳಿದ ಸಮಯ, ಉರಿಯದ ಪೆಟ್ರೋಲು, ನಡೆಯದ ಅಪಘಾತ, ಎದೆಗೆ ಇಳಿಯದ ಹೊಗೆ. ಮೆಟ್ರೊ ಮೆಟ್ಟಿಲನ್ನೇ ತುಳಿಯದವರಿಗೂ ಇದರಲ್ಲಿ ಪಾಲಿದೆ. ಸಿಗ್ನಲ್‌ನಲ್ಲಿ ನಿಮ್ಮ ಮುಂದಿನ ಇಪ್ಪತ್ತು ಕಾರುಗಳಲ್ಲಿ ನಾಲ್ಕು ಕಡಿಮೆಯಾದರೆ ನೀವು ಬೇಗ ದಾಟುತ್ತೀರಿ. ಆ ಲಾಭಕ್ಕೆ ನೀವು ಟಿಕೆಟ್ ಕೊಂಡಿಲ್ಲ, ಆದ್ದರಿಂದ ಅದು ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದೂ ಇಲ್ಲ.

ಗಲ್ಲಾಪೆಟ್ಟಿಗೆಯ ಲೆಕ್ಕ ಬೇಡವೆಂದಲ್ಲ. ಸಾಲದ ಕಂತು ಕಟ್ಟುವವರು ಯಾರು ಎಂದು ತಿಳಿಯಲು ಅದು ಬೇಕು. ಹಾಗೆಯೇ, ಮೆಟ್ರೊ ಎಂದ ಮಾತ್ರಕ್ಕೆ ಹಣ ಕೊಡಬೇಕಾಗಿಯೂ ಇಲ್ಲ. ಪ್ರತ್ಯೇಕ ಪಥದ ಬಸ್, ಟ್ರಾಮ್, ಲಘು ರೈಲು ಇವುಗಳೊಂದಿಗೆ ಹೋಲಿಸಿ ನೋಡಿಯೇ ಆರಿಸಬೇಕೆಂದು ಅದೇ ನೀತಿ ಹೇಳುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ನಿಜವಾದ ಜಗಳ ಇರಬೇಕಾದದ್ದು ಇಲ್ಲಿ. ಆ ಶೇ 14 ಎಂದರೇನು? ಮುಂದೆ ಸಿಗುವ ಲಾಭವನ್ನು ವರ್ಷಕ್ಕೆ ಶೇ 14ರಂತೆ ಇಳಿಸುತ್ತಾ ಇಂದಿನ ಬೆಲೆಗೆ ತಂದಾಗಲೂ ಅದು ವೆಚ್ಚವನ್ನು ಸರಿದೂಗಿಸಬೇಕು. ಕ್ಯಾಲ್ಕುಲೇಟರ್ ತೆಗೆದುಕೊಂಡು ನೀವೇ ಮಾಡಿ ನೋಡಿ: ಮೂವತ್ತು ವರ್ಷಗಳಾಚೆಯ 100 ರೂಪಾಯಿ ಹೀಗೆ ಇಳಿದು ಸುಮಾರು 2 ರೂಪಾಯಿ ಆಗುತ್ತದೆ. ಬ್ರಿಟನ್ ಸರ್ಕಾರ ತನ್ನ ಯೋಜನೆಗಳಿಗೆ ಬಳಸುವ ಶೇ 3.5ರಲ್ಲಿ ಅದೇ 100 ರೂಪಾಯಿ 35ರ ಮೇಲೆ ನಿಲ್ಲುತ್ತದೆ. ಬಂಡವಾಳಕ್ಕೆ ಬರವಿರುವ, ವೇಗವಾಗಿ ಬೆಳೆಯುವ ನಾಡಿನಲ್ಲಿ ದರ ಹೆಚ್ಚಿರಬೇಕು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಇಷ್ಟು ಹೆಚ್ಚು ದರ ನಿಧಾನವಾಗಿ ಫಲ ಕೊಡುವ ಯೋಜನೆಗಳಿಗೆ ಅನ್ಯಾಯ ಮಾಡುತ್ತದೆ. ಕಟ್ಟಿದ ಮರುದಿನದಿಂದಲೇ ಲಾಭ ತೋರಿಸುವ ಮೇಲ್ಸೇತುವೆ ಈ ತಕ್ಕಡಿಯಲ್ಲಿ ಸುಲಭವಾಗಿ ತೂಗುತ್ತದೆ. ಹಳಿಯ ಸುತ್ತ ಊರು ಬೆಳೆದ ಮೇಲೆ ತುಂಬುವ ರೈಲು ತೂಗುವುದಿಲ್ಲ.

ಬೆಂಗಳೂರಿನ ಉಪನಗರ ರೈಲಿಗೆ, 148 ಕಿಲೋಮೀಟರಿಗೆ 15,767 ಕೋಟಿ ರೂಪಾಯಿಗಳ ಯೋಜನೆಗೆ, ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ. ಹೀಲಲಿಗೆಯಿಂದ ರಾಜಾನುಕುಂಟೆಗೆ ಅದರದೊಂದು ಮಾರ್ಗವಿದೆ. 2050ರಲ್ಲಿ ಆ ಮಾರ್ಗದಲ್ಲಿ ಓಡಾಡುವ ಹುಡುಗಿಗೆ ದಿನಕ್ಕೆ ಅರ್ಧ ಗಂಟೆ ಉಳಿಯುತ್ತದೆ ಎಂದುಕೊಳ್ಳಿ. ಒಪ್ಪಿಗೆಯ ವರ್ಷದಲ್ಲಿ ನಿಂತು ಶೇ 14ರಲ್ಲಿ ಲೆಕ್ಕ ಹಾಕುವವನಿಗೆ ಆ ಅರ್ಧ ಗಂಟೆಯ ಬೆಲೆ ರೂಪಾಯಿಗೆ ಎರಡು ಪೈಸೆ.