ಗಾಳಿಯ ಮೇಲೆ ಎಷ್ಟು ಪಣ ಕಟ್ಟಬೇಕು?

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಸಾಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಟ್ಯಾಕ್ ಮಾಡುತ್ತಾ, ಅಂದರೆ ದಿಕ್ಕು ಬದಲಿಸುತ್ತಾ, ಗಾಳಿ ಬರುವ ಕಡೆ ಇಟ್ಟಿರುವ ಗುರುತನ್ನು (ಮೇಲಿನ ಮಾರ್ಕ್) ತಲುಪಬೇಕು. ಯಾವ ಬದಿಗೆ ಎಷ್ಟು ದೂರ ಹೋಗೋದು ಅನ್ನುವುದೇ ಇಲ್ಲಿನ ಪಣ.

ತರಬೇತಿಯಲ್ಲಿ ನಾನು ಮೊದಲು ಒಂದು ಲೆಕ್ಕ ಹೇಳಿಕೊಡುತ್ತೇನೆ. ನೀವು, ಎದುರಾಳಿ ಇಬ್ಬರೂ ಸಮವಾಗಿದ್ದೀರಿ, ನಡುವೆ ಅಡ್ಡಕ್ಕೆ 100 ಮೀಟರ್ ಅಂತರ ಇದೆ ಅಂದುಕೊಳ್ಳಿ. ಗಾಳಿ ನಿಮ್ಮ ಕಡೆಗೆ 10 ಡಿಗ್ರಿ ತಿರುಗಿದರೆ ಸುಮಾರು 25 ಮೀಟರ್ ಲಾಭ. ಅವರ ಕಡೆಗೆ ತಿರುಗಿದರೆ ಅಷ್ಟೇ ನಷ್ಟ. ಅಂತರ 400 ಮೀಟರ್ ಇದ್ದರೆ 100 ಮೀಟರ್ ಬರುತ್ತದೆ, ಇಲ್ಲವೇ ಹೋಗುತ್ತದೆ. ಗಾಳಿ ನಮ್ಮ ಕೈಲಿಲ್ಲ, ಅಂತರ ನಮ್ಮ ಕೈಲಿದೆ. ಮುಂದಿರುವವರು ಎದುರಾಳಿಗೆ ಅಂಟಿಕೊಂಡೇ ಇರುವುದು ಅದಕ್ಕೇ. ಅಂಚಿನ ಮೂಲೆಗೆ ಹೋದವರಿಗಂತೂ ಆಮೇಲೆ ಆಯ್ಕೆಯೇ ಉಳಿಯುವುದಿಲ್ಲ.

ಆದರೆ ನೀರಿನ ಮೇಲಿನ ಲೆಕ್ಕ ಅರ್ಧ ಮಾತ್ರ. ಒಂದು ಸ್ಪರ್ಧೆಯಲ್ಲಿ ಹಲವು ರೇಸ್ ಇರುತ್ತವೆ. ಪ್ರತಿ ರೇಸಿನಲ್ಲಿ ಮೊದಲ ಸ್ಥಾನಕ್ಕೆ 1 ಅಂಕ, ಹತ್ತನೆಯದಕ್ಕೆ 10, ಒಟ್ಟು ಕಡಿಮೆ ಇದ್ದವರು ಗೆಲ್ಲುತ್ತಾರೆ. ತೀರಾ ಕೆಟ್ಟ ರೇಸನ್ನು ಲೆಕ್ಕದಿಂದ ಬಿಡಬಹುದು. ಈ ಡಿಸ್ಕಾರ್ಡ್ ಖರ್ಚಾಗಿದೆಯೋ ಇಲ್ಲವೋ ನೋಡದೆ ಸಾಹಸಕ್ಕೆ ಇಳಿಯಬಾರದು.

1996ರ ಅಟ್ಲಾಂಟಾ ಒಲಿಂಪಿಕ್ಸ್, ಒಬ್ಬರೇ ನಡೆಸುವ ಲೇಸರ್ ದೋಣಿಗಳ ವಿಭಾಗ. ಕೊನೆಯ ರೇಸಿಗೆ ಮುಂಚೆ ಬ್ರೆಜಿಲ್‌ನ ರಾಬರ್ಟ್ ಶೈಟ್ ಮುಂದಿದ್ದರು, ಬ್ರಿಟನ್ನಿನ ಬೆನ್ ಐನ್ಸ್ಲಿ ಹಿಂದೆ. ಕಪ್ಪು ಬಾವುಟ ಹಾರುತ್ತಿತ್ತು. ಅಂದರೆ ರೇಸ್ ಶುರುವಾಗುವ ಮುಂಚಿನ ಕೊನೆಯ ನಿಮಿಷದಲ್ಲಿ ಆರಂಭದ ಗೆರೆ ದಾಟಿದವರು ರೇಸಿನಿಂದಲೇ ಹೊರಗೆ. ಶೈಟ್ ಬೇಗ ದಾಟಿದರು, ಐನ್ಸ್ಲಿಯೂ ಜೊತೆಗೇ ದಾಟಿದರು. ಇಬ್ಬರೂ ಅನರ್ಹ, ಚಿನ್ನ ಶೈಟ್‌ಗೆ. ಇಬ್ಬರೂ ಹೊರಬಿದ್ದರೆ ಮುಂದಿದ್ದ ಶೈಟ್ ಕಳೆದುಕೊಳ್ಳುವುದೇನೂ ಇರಲಿಲ್ಲ, ಅಲ್ವಾ?

ನಾಲ್ಕು ವರ್ಷದ ನಂತರ ಸಿಡ್ನಿಯಲ್ಲಿ ಲೆಕ್ಕ ಮಾಡಿದ್ದು ಐನ್ಸ್ಲಿ. ಕೊನೆಯ ರೇಸಿನಲ್ಲಿ ತಾನು ಹಿಂದೆ ಬಿದ್ದರೂ ಅದನ್ನು ಡಿಸ್ಕಾರ್ಡ್ ಮಾಡಬಹುದಿತ್ತು. ಹಾಗಾಗಿ ರೇಸ್ ಗೆಲ್ಲುವ ಯೋಚನೆಯನ್ನೇ ಬಿಟ್ಟರು. ಶೈಟ್ ದೋಣಿಯ ಗಾಳಿ ತಡೆಯುತ್ತಾ ಅವರನ್ನು ಗುಂಪಿನ ಹಿಂದಕ್ಕೆ ಎಳೆದರು. ಈ ಜಟಾಪಟಿಯಲ್ಲಿ ಶೈಟ್ ಅನರ್ಹರಾದರು, ಚಿನ್ನ ಐನ್ಸ್ಲಿಗೆ ಬಂತು. ಇದು ಕ್ರೀಡೆಯೇ ಅಲ್ಲ ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಇತ್ತು, ಐನ್ಸ್ಲಿ ಅದನ್ನು ಕೊನೆಯ ಅಂಕದವರೆಗೆ ಓದಿಕೊಂಡಿದ್ದರು.

ಮೊದಲ ಹತ್ತು ದೋಣಿಗಳಿಗೆ ಮಾತ್ರ ಇರುವ ಕೊನೆಯ ರೇಸಿನಲ್ಲಿ, ಅಂದರೆ ಮೆಡಲ್ ರೇಸಿನಲ್ಲಿ, ಅಂಕ ದುಪ್ಪಟ್ಟು, ಡಿಸ್ಕಾರ್ಡ್ ಇಲ್ಲ. ಮೊದಲನೆಯವರಿಗೆ 2, ಕೊನೆಯವರಿಗೆ 20. ಅನರ್ಹರಾದರೆ 22. ಆದ್ದರಿಂದ ನನ್ನ ಶಿಷ್ಯೆ ಎರಡನೇ ಸ್ಥಾನದಲ್ಲಿದ್ದು, ಮೂರನೆಯವಳು 20ಕ್ಕಿಂತ ಜಾಸ್ತಿ ಅಂಕ ಹಿಂದಿದ್ದರೆ ಬೆಳ್ಳಿ ಭದ್ರ. ಆಗ ಚಿನ್ನದವಳ ಹಿಂದೆ ಸುಮ್ನೆ ಸಾಲು ಹಿಡಿಯಬೇಡ, ಇನ್ನೊಂದು ಬದಿಗೆ ಹೋಗು ಅಂತ ನಾನೇ ಹೇಳುತ್ತೇನೆ.