ಸಿ ರಿಪೋರ್ಟ್ ಹಾಕಿದ ಮೇಲೆ

‘ಲಾ ನ್ವಿ ದ್ಯು 12’, ಅಂದರೆ ‘12ರ ರಾತ್ರಿ’, ಅನ್ನುವ ಫ್ರೆಂಚ್ ಸಿನಿಮಾ ಶುರುವಿನಲ್ಲೇ ಕೊನೆ ಹೇಳಿಬಿಡುತ್ತದೆ. ಫ್ರಾನ್ಸ್ ಪೊಲೀಸರು ವರ್ಷಕ್ಕೆ 800ಕ್ಕೂ ಹೆಚ್ಚು ಕೊಲೆ ಕೇಸುಗಳ ತನಿಖೆಗೆ ಇಳಿಯುತ್ತಾರೆ. ಸುಮಾರು ಶೇ 20ರಷ್ಟು ಬಗೆಹರಿಯುವುದೇ ಇಲ್ಲ. ಇದು ಅಂಥದ್ದೊಂದು ಕೇಸು ಅಂತ ಪರದೆ ಮೇಲೆ ಬರುತ್ತದೆ. ಕೊಲೆಗಾರ ಸಿಗಲ್ಲ ಅಂದ ಮೇಲೆ ಎರಡು ಗಂಟೆ ಏನು ನೋಡುವುದು? ಪೊಲೀಸರನ್ನು ನೋಡುವುದು.

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಪೊಲೀಸರೂ ಬರುತ್ತಾರೆ, ಅವರಿಗಿಂತ ಜಾಸ್ತಿ ಅವರ ಹೆಂಡತಿಯರು. ಹಾಗಾಗಿ ಈ ಸಿನಿಮಾ ನನಗೆ ಪತ್ತೇದಾರಿ ಕಥೆಯಾಗಿ ಕಾಣಲೇ ಇಲ್ಲ.

ಡೊಮಿನಿಕ್ ಮೋಲ್ 2022ರಲ್ಲಿ ತೆಗೆದ ಚಿತ್ರ ಇದು. ಮರುವರ್ಷ ಅತ್ಯುತ್ತಮ ಚಿತ್ರವೂ ಸೇರಿ ಫ್ರಾನ್ಸ್‌ನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಸೀಸರ್ 6 ಬಂತು. ಲೇಖಕಿ ಪೋಲಿನ್ ಗೆನಾ ಪೊಲೀಸರ ಜೊತೆ ಒಂದು ವರ್ಷ ಇದ್ದು ಬರೆದ ಪುಸ್ತಕ ಇದಕ್ಕೆ ಮೂಲ. ಅದಕ್ಕೇ ಇರಬೇಕು, ಗುಂಡಿನ ಸದ್ದು ಇಲ್ಲ. ಕೆಟ್ಟ ಪ್ರಿಂಟರ್, ಸಿಗದ ಓವರ್‌ಟೈಮ್ ದುಡ್ಡು, ಬರೆದಷ್ಟೂ ಮುಗಿಯದ ರಿಪೋರ್ಟುಗಳು ಇವೆ.

ಒಂದು ದೃಶ್ಯ ಹೇಳುತ್ತೇನೆ. 21 ವರ್ಷದ ಕ್ಲಾರಾಳನ್ನು ಯಾರೋ ರಾತ್ರಿ ಬೆಂಕಿ ಹಚ್ಚಿ ಕೊಂದಿದ್ದಾರೆ. ಗ್ರೆನೋಬ್ಲ್ ನಗರದ ತನಿಖಾ ತಂಡದ ಮುಖ್ಯಸ್ಥ ಯೊಹಾನ್ ಅದನ್ನು ತಾಯಿಗೆ ತಿಳಿಸಲು ಮನೆಗೆ ಹೋಗುತ್ತಾನೆ. ಅಲ್ಲಿ ಹುಡುಗಿ ಬೆಕ್ಕಿನ ಜೊತೆ ಇರುವ ಒಂದು ಫೋಟೋ ಕಣ್ಣಿಗೆ ಬೀಳುತ್ತದೆ. ಅಷ್ಟೇ, ಮಾತು ನಿಂತುಹೋಗುತ್ತದೆ. ಸುಟ್ಟ ಹೆಣ ನೋಡಿದಾಗ ಗಟ್ಟಿಯಾಗಿದ್ದವನು ಬೆಕ್ಕಿನ ಫೋಟೋ ಮುಂದೆ ಕಲ್ಲಾಗುತ್ತಾನೆ. ಇದು ನಿಜವಾಗಿ ಹೀಗೇ ಆಗುತ್ತದೆ. ಹೆಣಕ್ಕೆ ಮನಸ್ಸು ತಯಾರಾಗಿ ಹೋಗಿರುತ್ತದೆ. ಬೆಕ್ಕಿಗೆ, ಚಪ್ಪಲಿಗೆ, ಟಿಫಿನ್ ಡಬ್ಬಿಗೆ ತಯಾರಾಗಿರುವುದಿಲ್ಲ.

ಯೊಹಾನ್ ಅಳುವುದಿಲ್ಲ. ವೆಲೊಡ್ರೋಮ್‌ನಲ್ಲಿ, ಅಂದರೆ ಸೈಕಲ್ ರೇಸಿನ ದುಂಡು ಟ್ರ್ಯಾಕಿನಲ್ಲಿ, ಒಬ್ಬನೇ ಸೈಕಲ್ ತುಳಿಯುತ್ತಾನೆ. ಸುತ್ತು, ಮತ್ತೆ ಅದೇ ಸುತ್ತು. ಜೊತೆಗಾರ ಮಾರ್ಸೊನದ್ದು ಬೇರೆ ದಾರಿ. ಅವನ ಮದುವೆ ಮುರಿದಿದೆ. ಒಬ್ಬ ಸಂಶಯಿತನ ಮೇಲೆ ಕೈ ಮಾಡುತ್ತಾನೆ. ನಮ್ಮ ಸಿನಿಮಾಗಳಲ್ಲಾದರೆ ಆ ಏಟಿಗೆ ಶಿಳ್ಳೆ ಬೀಳುತ್ತಿತ್ತು, ಅಲ್ವಾ? ಇಲ್ಲಿ ಅದು ಸೋಲಿನ ಹಾಗೆ ಕಾಣುತ್ತದೆ. ಮನೆಯ ಸಂಕಟ, ಕೇಸಿನ ಸಿಟ್ಟು ಎರಡೂ ಬೆರೆತು ಹೋಗಿವೆ. ಯಾವುದು ಯಾವುದು ಅಂತ ಅವನಿಗೇ ಗೊತ್ತಿಲ್ಲ.

ನಮ್ಮಲ್ಲಿ ಆರೋಪಿ ಪತ್ತೆಯಾಗದಿದ್ದರೆ ಕೋರ್ಟಿಗೆ ‘ಸಿ ರಿಪೋರ್ಟ್’ ಹಾಕುತ್ತಾರೆ. ಕಾಗದದ ಮಟ್ಟಿಗೆ ಮುಗಿಯಿತು. ಮನಸ್ಸಿಗೆ ಅಂಥ ರಿಪೋರ್ಟ್ ಇಲ್ಲ. ಮುಗಿದ ಕೆಲಸವನ್ನು ಅದು ಬೇಗ ಬಿಡುತ್ತದೆ, ಅರ್ಧಕ್ಕೆ ನಿಂತದ್ದನ್ನು ಮತ್ತೆ ಮತ್ತೆ ಎಳೆದು ತರುತ್ತದೆ. ಅದಕ್ಕೇ ನಾನು ಪೊಲೀಸರನ್ನು ‘ಏನು ನೋಡಿದಿರಿ’ ಅಂತ ಮೊದಲು ಕೇಳುವುದಿಲ್ಲ. ಆ ಉತ್ತರ ಅವರಿಗೆ ಬಾಯಿಪಾಠ. ‘ಡ್ಯೂಟಿ ಮುಗಿಸಿ ಮನೆ ಬಾಗಿಲಿಗೆ ಬರುವವರೆಗೆ ಏನು ಮಾಡ್ತೀರಿ’ ಅಂತ ಕೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬರು ಗಂಡನನ್ನು ಬಲವಂತವಾಗಿ ಕರೆತಂದಿದ್ದರು. ಬೈಕಿಗೆ ಪೆಟ್ರೋಲ್ ಜಾಸ್ತಿ ಖರ್ಚಾಗುತ್ತಿದೆ, ಮನೆಗೆ ತಡ ಬೇರೆ, ಇನ್ನೊಂದು ಸಂಬಂಧ ಇರಬೇಕು ಅನ್ನುವುದು ಅವರ ಅನುಮಾನ. ಆತ ತುಂಬಾ ಹೊತ್ತು ಸುಮ್ನೆ ಕೂತಿದ್ದರು.

‘ಠಾಣೆಯಿಂದ ನೇರ ದಾರೀಲಿ ಒಂದು ಬಾವಿ ಇದೆ ಮೇಡಂ. ಆ ಮಗು ಸಿಕ್ಕಿದ್ದು ಅಲ್ಲೇ. ಸಿ ರಿಪೋರ್ಟ್ ಹಾಕಿ ಎರಡು ವರ್ಷ ಆಯ್ತು. ನಾನು ಬೈಪಾಸ್ ಸುತ್ತಿ ಮನೆಗೆ ಹೋಗ್ತೀನಿ.’

ಹೆಂಡತಿ ಅವರ ಕಡೆ ತಿರುಗಿ ಕೂತರು. ‘ಯಾವ ಮಗು?’ ಅಂದರು.